ಸೆರಗಿನ ಗಂಟು

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಉಮ್ಮ
ಇಪ್ಪತ್ತಾರು ವರ್ಷ ಕಾಫಿ ಆರಿಸಿದಳು.
ಬೆಲ್ಟು ಓಡುತ್ತಿತ್ತು, ಬೀಜ ಓಡುತ್ತಿತ್ತು,
ಕರಿಯದು, ಮುರಿದದ್ದು, ಹುಳ ಕೊರೆದದ್ದು
ಅವಳ ಬೆರಳಿಗೆ ತಾವೇ ಬಂದು ಸಿಗುತ್ತಿದ್ದವು.
ಸೆರಗಿನ ತುದಿಯಲ್ಲಿ ಸದಾ ಒಂದು ಗಂಟು.
ದುಡ್ಡಿರಬಹುದೆಂದು ಒಮ್ಮೆ ಕದ್ದು ಬಿಚ್ಚಿದೆ:
ಒಂದೇ ಒಂದು ಕರಿ ಬೀಜ.

‘ಒಳ್ಳೇದನ್ನೇ ನೋಡ್ತಾ ನೋಡ್ತಾ
ಕಣ್ಣಿಗೆ ಕೆಟ್ಟದ್ದು ಮರೆತುಹೋಗ್ತದೆ ಮೋಳೇ,
ಆಗಾಗ ತೆಗೆದು ತೋರಿಸ್ಬೇಕು ಅದಕ್ಕೆ.’
ಬೈಯಲಿಲ್ಲ. ಗಂಟು ಮತ್ತೆ ಬಿಗಿದಳು.

ನಾನೀಗ ಮಡಿಕೇರಿಯಲ್ಲಿ ಗಾಜು ಆರಿಸುತ್ತೇನೆ.
ಗರ್ಭಕೊರಳಿನಿಂದ ಸವರಿ ತೆಗೆದದ್ದು
ಬಣ್ಣ ಕುಡಿದು ಒಣಗಿ
ಗುಲಾಬಿ, ನೀಲಿಹಸಿರು ಚೂರುಗಳಾಗಿ ಹರಡಿರುತ್ತದೆ.
ಒಂದೊಂದು ಕೋಶದ ನಡುವೆಯೂ ಒಂದು ಬೀಜ.
ಬೀಜ ಉಬ್ಬಿದರೆ, ಅಂಚು ಸುಕ್ಕಾದರೆ, ಕಪ್ಪೇರಿದರೆ
ನಿಲ್ಲಬೇಕು.
ಆದರೆ ದಿನಕ್ಕೆ ಐವತ್ತು ಗಾಜು, ವಾರಗಟ್ಟಲೆ ನಾರ್ಮಲ್, ನಾರ್ಮಲ್.
ಕಣ್ಣಿನ್ನೂ ದಾರಿಯಲ್ಲಿರುವಾಗಲೇ
ಕೈ ಬರೆದು ಮುಗಿಸಿರುತ್ತದೆ.

ಸೀತವ್ವ ಟೀಚರ ಗಾಜು ಬಂದದ್ದು ಅಂಥದೊಂದು ಗುರುವಾರ.
ನನಗೆ ಮಗ್ಗಿ ಕಲಿಸಿದವರು.
ಫಾರಂ ಮೊದಲು ಓದಿದೆ.
ವಯಸ್ಸು ನಲವತ್ತೊಂಬತ್ತು, ದೂರು ಏನಿಲ್ಲ,
ಹಿಂದಿನ ಮೂರೂ ಸಲ ನಾರ್ಮಲ್.
ಆಮೇಲೆ ಮೈಕ್ರೋಸ್ಕೋಪಿನಲ್ಲಿ ಕಂಡದ್ದು
ಅವರ ಇಸ್ತ್ರಿ ಸೀರೆ, ಸೀಮೆಸುಣ್ಣ ಮೆತ್ತಿದ ಬೆರಳು.
ಎಡಮೂಲೆಯಲ್ಲಿ ಕಪ್ಪಾದವರದೊಂದು ಗುಂಪಿತ್ತು.
ಉರಿಯೂತ ಇರಬೇಕು, ಅಂದುಕೊಂಡೆ.
ಇವರಿಗೆ ಇನ್ನೇನಾದೀತು?

ಅದೇ ಮಧ್ಯಾಹ್ನ ಪಾಲಿಬೆಟ್ಟದ ಲೈನ್‌ಮನೆಯ ಮುತ್ತೆ.
ಹದಿನಾರಕ್ಕೆ ಮದುವೆ, ಎರಡನೇ ಗಂಡ, ಬಿಳಿಸೆರಗು.
ಅವಳದೂ ಅಂಥದೇ ಗುಂಪು.
ಕೆಂಪು ಶಾಯಿ ಹಾಕಿದೆ.

ಮುತ್ತೆ ಹಣ್ಣು ಕೊಯ್ಯುವ ಕಾಲದಲ್ಲಿ
ಕೂಲಿ ಬಿಟ್ಟು ನಾಲ್ಕು ಸಲ ಬಸ್ಸು ಹತ್ತಿದಳು.
ಚೂರು ಕತ್ತರಿಸಿ ನೋಡಿದರು. ಏನೂ ಇರಲಿಲ್ಲ.
ಅಷ್ಟರಲ್ಲಿ ಲೈನಿನ ಬಾಯಿಗಳಿಗೆ ಬೇಕಾದಷ್ಟು ಸಿಕ್ಕಿತ್ತು.
ಟೀಚರು ಹದಿನಾಲ್ಕು ತಿಂಗಳ ಮೇಲೆ
ಪ್ರಾರ್ಥನೆಗೆ ನಿಂತಲ್ಲೇ ರಕ್ತ ಕಂಡರು.
ಮೈಸೂರಿಗೆ ಕರೆದೊಯ್ದರು.

ಡಾಕ್ಟರ್ ಚಿಣ್ಣವ್ವ ಒಂದು ಮಾತೂ ಆಡದೆ
ಎರಡೂ ಗಾಜಿನ ಹೆಸರಿಗೆ ಪ್ಲಾಸ್ಟರ್ ಅಂಟಿಸಿ
ಒಂದಾದ ಮೇಲೊಂದು ಇಟ್ಟರು.
‘ಯಾವುದು ಯಾರದು?’
ಹೇಳಲಾಗಲಿಲ್ಲ.

ಆಮೇಲೆ ಎರಡು ತಿಂಗಳು ಎಲ್ಲೆಲ್ಲೂ ಕಪ್ಪೇ.
ಹದಿನೇಳು ಹೆಂಗಸರನ್ನು ವಾಪಸು ಕರೆಸಿದೆ,
ನಾಪೋಕ್ಲಿನಿಂದ, ಶನಿವಾರಸಂತೆಯಿಂದ.
ಹದಿನಾರು ಮಂದಿಗೆ ನಾನು ಕೊಟ್ಟದ್ದು
ನಿದ್ದೆಯಿಲ್ಲದ ರಾತ್ರಿ ಮಾತ್ರ.
ಹೆದರಿದ ಕಣ್ಣೂ ಕುರುಡೇ. ತಿರುಗಿದ ದಿಕ್ಕು ಬೇರೆ, ಅಷ್ಟೇ.

ಟೀಚರ ಹಳೆಯ ಗಾಜು ಈಗಲೂ ನೋಡುತ್ತೇನೆ.
ಎಡಮೂಲೆ ಕೂಗುತ್ತದೆ.
ಅಂದೂ ಕೂಗಿತ್ತೇ?
ಗೊತ್ತಾದ ಮೇಲೆ ನೋಡಿದ್ದು ನೋಟವಲ್ಲ,
ಉತ್ತರ ನೋಡಿಕೊಂಡು ಲೆಕ್ಕ ಬರೆದ ಹಾಗೆ.

ಫಾರಂ ಈಗ ಬುತ್ತಿಯ ಕೆಳಗೆ, ಬೋರಲು.
ಇಪ್ಪತ್ತು ಗಾಜಿಗೊಮ್ಮೆ ಡ್ರಾಯರ್ ತೆರೆದು
ಕರವಸ್ತ್ರದ ಗಂಟು ಬಿಚ್ಚುತ್ತೇನೆ.

ಹೋದ ತಿಂಗಳು ಅವರೇ ಬಂದರು.
ಕೂದಲಿಲ್ಲದ ತಲೆಗೆ ಹಸಿರು ವಸ್ತ್ರ.
‘ನಂದು ಇನ್ನೂ ಇದೆಯಂತಲ್ಲ, ತೋರಿಸು.’
ಸ್ಟೂಲು ಎಳೆದು ಕೊಟ್ಟೆ, ಫೋಕಸ್ ಸರಿಮಾಡಿದೆ.
ಬಹಳ ಹೊತ್ತು ಬಗ್ಗಿಯೇ ಇದ್ದರು.
‘ಟೀಚರ್, ಎಡಗಡೆ...’ ಅನ್ನುವಷ್ಟರಲ್ಲಿ
ಕಣ್ಣು ತೆಗೆಯದೆಯೇ
ತರಗತಿಯಲ್ಲಿ ಎತ್ತುತ್ತಿದ್ದ ಅದೇ ಕೈ ಎತ್ತಿದರು.

‘ಹೇಳಬೇಡ.
ನಾನೇ ಹುಡುಕ್ತೇನೆ.’